ತಾತನ ಸೇನಾ ಸಮವಸ್ತ್ರವನ್ನು ಕೊಡಗಿನ ಮನೆಯಲ್ಲಿ ಪ್ರದರ್ಶಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ತಲೆಮಾರಿನ ಸೇನಾ ಸಮವಸ್ತ್ರಗಳಿವೆ. ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ತಾತನ ಖಾಕಿ ಅಂಗಿ ಮತ್ತು ಉಣ್ಣೆಯ ಕೋಟು, 1971ರ ಯುದ್ಧದಲ್ಲಿದ್ದ ತಂದೆಯವರ ಆಲಿವ್ ಗ್ರೀನ್ ಸಮವಸ್ತ್ರ, ಇಬ್ಬರ ಪದಕಗಳು. ಇಷ್ಟು ವರ್ಷ ಟ್ರಂಕಿನಲ್ಲಿದ್ದ ಇವುಗಳಿಗೆ ಗಾಜಿನ ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕುವ ಆಸೆ. ಮನೆ ಮಡಿಕೇರಿಯ ಹತ್ತಿರ. ಬಟ್ಟೆ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ಎಲ್ಲವನ್ನೂ ಒಟ್ಟಿಗೆ, ವರ್ಷವಿಡೀ ಗೋಡೆಯ ಮೇಲೆ ಇಡಬೇಡಿ. ಒಂದು ಸಲಕ್ಕೆ ಒಂದೇ ಸಮವಸ್ತ್ರವನ್ನು ಹೊರಗೆ ತೆಗೆಯಿರಿ, ಅದನ್ನು ಮೂರು ನಾಲ್ಕು ತಿಂಗಳು ಪ್ರದರ್ಶಿಸಿ ಮತ್ತೆ ಪೆಟ್ಟಿಗೆಗೆ ಸೇರಿಸಿ, ಮಳೆಗಾಲದಲ್ಲಿ ಯಾವುದನ್ನೂ ಗೋಡೆಯ ಮೇಲೆ ಬಿಡಬೇಡಿ. ಇಷ್ಟನ್ನು ಪಾಲಿಸಿದರೆ ದುಬಾರಿ ಚೌಕಟ್ಟಿನಿಂದ ಸಿಗುವುದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯ ಕಾರಣ ಬೆಳಕು. ಬಟ್ಟೆಯ ಬಣ್ಣಕ್ಕೂ ನೂಲಿಗೂ ಬೆಳಕಿನಿಂದ ಆಗುವ ಹಾನಿ ದಿನದಿನಕ್ಕೂ ಸೇರುತ್ತಾ ಹೋಗುತ್ತದೆ, ಮತ್ತು ಒಮ್ಮೆ ಮಾಸಿದ ಬಣ್ಣವನ್ನು ಮರಳಿ ತರುವ ಉಪಾಯವಿಲ್ಲ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳ ಮೇಲೆ ಬೀಳುವ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಮಿತಿಗೊಳಿಸುತ್ತವೆ. ಹಗಲಿನಲ್ಲಿ ಕಿಟಕಿಯ ಪಕ್ಕದ ಗೋಡೆಯ ಮೇಲೆ ಅದರ ಹತ್ತಾರು ಪಟ್ಟು ಬೆಳಕು ಬೀಳುತ್ತದೆ. ನಿಮ್ಮ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೇಗ ಮಾಸುವುದು ಪದಕಗಳ ರಿಬ್ಬನ್. ಆದ್ದರಿಂದ ನೇರ ಬಿಸಿಲು ಒಂದು ಗಳಿಗೆಯೂ ತಾಗದ ಒಳಗೋಡೆಯನ್ನು ಆರಿಸಿಕೊಳ್ಳಿ. ನೇರಳಾತೀತ ಕಿರಣಗಳನ್ನು ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿದರೆ ಒಳ್ಳೆಯದೇ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುವುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಹತ್ತಿರ ಟ್ಯೂಬ್‌ಲೈಟ್ ಇದ್ದರೆ ತೆಗೆದು ಎಲ್‌ಇಡಿ ಹಾಕಿಸಿ, ನೋಡುವವರು ಬಂದಾಗ ಮಾತ್ರ ಉರಿಸಿ.

ಎರಡನೆಯ ಕಾರಣ ತೇವ. ಕೊಡಗಿನಲ್ಲಿ ಇದೇ ದೊಡ್ಡ ಶತ್ರು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65 ದಾಟಿ ಹಾಗೆಯೇ ನಿಂತರೆ ಉಣ್ಣೆ, ಹತ್ತಿ, ಚರ್ಮ ಎಲ್ಲದರ ಮೇಲೂ ಬೂಷ್ಟು ಹಿಡಿಯುತ್ತದೆ, ಮತ್ತು ಮಡಿಕೇರಿಯ ಜುಲೈ ತಿಂಗಳಿನಲ್ಲಿ ತೇವಾಂಶ ಶೇಕಡಾ 90ರ ಆಚೆಗೆ ಹೋಗುವುದು ನಿಮಗೇ ಗೊತ್ತಿರುವ ಸಂಗತಿ. ಮಳೆಯ ಏಟು ತಿನ್ನುವ ಹೊರಗೋಡೆಗೆ ಮುಚ್ಚಿದ ಗಾಜಿನ ಚೌಕಟ್ಟನ್ನು ಒತ್ತಿ ತೂಗುಹಾಕಿದರೆ, ಗೋಡೆಯ ತಂಪಿಗೆ ಚೌಕಟ್ಟಿನ ಒಳಗಿನ ಗಾಳಿ ಬೆವತು, ಆ ನೀರು ಹೊರಹೋಗಲು ದಾರಿಯಿಲ್ಲದೆ ಬಟ್ಟೆಯ ಬೆನ್ನಿಗೆ ಇಳಿಯುತ್ತದೆ. ಮುಂಭಾಗ ಅಚ್ಚುಕಟ್ಟಾಗಿ ಕಾಣುತ್ತಿರುವಾಗಲೇ ಹಿಂಭಾಗ ಕೊಳೆಯುತ್ತಿರುತ್ತದೆ. ಹೀಗಾಗಿ ಒಳಗೋಡೆಯೇ ಆಗಬೇಕು, ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಒಂದು ಬೆರಳಿನಷ್ಟು ಸಂದು ಇರಬೇಕು, ಗಾಜು ಬಟ್ಟೆಗೆ ಎಲ್ಲಿಯೂ ತಾಗಬಾರದು. ಚೌಕಟ್ಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕೆಂದು ಹೇಳುವವರಿದ್ದಾರೆ. ಗಾಳಿ ನುಸುಳದ ಡಬ್ಬಿಯಲ್ಲಿ ಅದು ಕೆಲಸ ಮಾಡುತ್ತದೆ. ಸಂದುಗಳಿರುವ ಮರದ ಚೌಕಟ್ಟಿನಲ್ಲಿ ಕೆಲವೇ ದಿನಗಳಲ್ಲಿ ತೇವ ಕುಡಿದು ನಿಷ್ಪ್ರಯೋಜಕವಾಗುತ್ತದೆ. ಒಂದು ಸಣ್ಣ ತೇವಾಂಶ ಮಾಪಕವನ್ನು ಕೊಂಡು ಹಜಾರದಲ್ಲಿಡಿ. ಮೇ ಕೊನೆಯಲ್ಲಿ ಅದರ ಮುಳ್ಳು ಏರತೊಡಗಿದಾಗ ಸಮವಸ್ತ್ರವನ್ನು ಇಳಿಸಿ, ಮನೆಯ ಅತ್ಯಂತ ಒಣ ಕೋಣೆಯ ಪೆಟ್ಟಿಗೆಗೆ ಸೇರಿಸಿ. ಸಾಧ್ಯವಿದ್ದರೆ ಆ ಕೋಣೆಯಲ್ಲಿ ತೇವ ಹೀರುವ ಯಂತ್ರವನ್ನು ಓಡಿಸಿ. ಒಲೆಯ ಹೊಗೆ ತಾಗುವ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಉಣ್ಣೆಯೊಳಗೆ ಇಳಿದರೆ ಬಿಡುವುದಿಲ್ಲ.

ಇನ್ನು ನುಸಿಯ ವಿಷಯ. ಉಣ್ಣೆಯ ಕೋಟನ್ನು ತಿನ್ನುವುದು ಹಾರಾಡುವ ಚಿಟ್ಟೆಯಲ್ಲ, ಅದರ ಮರಿಹುಳು. ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನು ಅದರ ಆಹಾರ, ಕತ್ತಲೆ ಮತ್ತು ಯಾರೂ ಕೈಯಾಡಿಸದ ಮೂಲೆ ಅದರ ಮನೆ. ಬೆವರು ಹೀರಿಕೊಂಡಿರುವ ಕಾಲರ್ ಮತ್ತು ಕಂಕುಳಿನ ಭಾಗಕ್ಕೆ ಅದು ಮೊದಲು ಬಾಯಿ ಹಾಕುತ್ತದೆ. ಹತ್ತಿಯ ಖಾಕಿ ಅಂಗಿಗೆ ನುಸಿಯ ಭಯ ಕಡಿಮೆ, ಆದರೆ ಹಿಂದೆ ಹಾಕಿದ ಗಂಜಿ ಉಳಿದಿದ್ದರೆ ಬೆಳ್ಳಿಮೀನು ಎಂಬ ಕೀಟ ಅದನ್ನು ಹುಡುಕಿಕೊಂಡು ಬರುತ್ತದೆ. ಟ್ರಂಕಿನಿಂದ ತೆಗೆದ ಉಣ್ಣೆಯ ಕೋಟನ್ನು ನೇರವಾಗಿ ಗೋಡೆಗೆ ಏರಿಸದೆ ಮೊದಲು ಶೀತಚಿಕಿತ್ಸೆಗೆ ಒಳಪಡಿಸಿ: ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿಯನ್ನು ಆದಷ್ಟು ಹೊರಹಾಕಿ, ಬಾಯನ್ನು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಬಿಡಬೇಕು. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆಯೇ ನೀರು ಕಟ್ಟುತ್ತದೆ. ಪದಕ ಮತ್ತು ಬಿಲ್ಲೆಗಳನ್ನು ಮೊದಲೇ ಬಿಚ್ಚಿಡಿ. ನುಸಿಗುಳಿಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರ ಆವಿ ಮನೆಮಂದಿಗೆ, ಅದರಲ್ಲೂ ಶಿಶುಗಳಿಗೆ ಒಳ್ಳೆಯದಲ್ಲ. ಹಳೆಯ ಪ್ಲಾಸ್ಟಿಕ್ ಗುಂಡಿಗಳಿಗೂ ಅದರಿಂದ ಹಾನಿಯಾಗಬಹುದು. ಬೇವಿನ ಎಲೆಯನ್ನು ಬಟ್ಟೆಯ ಪದರದೊಳಗೆ ಇಟ್ಟರೆ ಕಲೆ ಉಳಿಯುತ್ತದೆ.

ಒಗೆಯುವುದೂ ಡ್ರೈಕ್ಲೀನಿಂಗ್‌ಗೆ ಕೊಡುವುದೂ ಬೇಡ. ರಿಬ್ಬನ್ ಮತ್ತು ಕಸೂತಿಯ ಬಿಲ್ಲೆಗಳ ಬಣ್ಣ ಬಿಡಬಹುದು, ಹಳೆಯ ಉಣ್ಣೆ ಕುಗ್ಗಬಹುದು. ಅದಕ್ಕಿಂತ ಮುಖ್ಯವಾಗಿ, ತೋಳಿನ ಮೇಲಿನ ಎಣ್ಣೆಯ ಕಲೆ, ಮೊಣಕೈಯ ತೇಪೆ, ಕೈಯಿಂದ ಮತ್ತೆ ಹೊಲಿದ ಗುಂಡಿ, ಇವೆಲ್ಲ ಅದನ್ನು ತೊಟ್ಟವರ ಸೇವೆಯ ಗುರುತುಗಳು. ಒಮ್ಮೆ ಒಗೆದರೆ ಆ ಸಾಕ್ಷ್ಯ ಹೋಯಿತು. ಧೂಳು ತೆಗೆಯಲು ಬಟ್ಟೆಯ ಮೇಲೆ ನೈಲಾನ್ ಬಲೆಯನ್ನು ಹರಡಿ, ವ್ಯಾಕ್ಯೂಮ್ ಕ್ಲೀನರ್ ಅನ್ನು ಕನಿಷ್ಠ ಬಲದಲ್ಲಿಟ್ಟು ಮೆಲ್ಲಗೆ ಆಡಿಸಿದರೆ ಸಾಕು. ಹಿತ್ತಾಳೆಯ ಗುಂಡಿಗಳನ್ನು ಪಾಲಿಶ್ ಹಾಕಿ ಫಳಫಳಿಸುವಂತೆ ಮಾಡುವ ಆಸೆಯನ್ನು ತಡೆಹಿಡಿಯಬೇಕು. ಪಾಲಿಶ್‌ನ ಶೇಷವು ಸುತ್ತಲಿನ ಬಟ್ಟೆಯಲ್ಲಿ ಬಿಳಿಯಾಗಿ ಉಳಿಯುತ್ತದೆ, ಉಜ್ಜಿದಷ್ಟೂ ಲಾಂಛನದ ಗೆರೆಗಳು ಸವೆಯುತ್ತವೆ. ಹಸಿರು ಕಿಲುಬು ಹಿಡಿದಿದ್ದರೆ ಸೈನಿಕರು ಮಾಡುತ್ತಿದ್ದಂತೆಯೇ ಸೀಳು ಕೊರೆದ ಒಂದು ಗಟ್ಟಿ ಹಾಳೆಯನ್ನು ಗುಂಡಿಯ ಅಡಿಗೆ ತೂರಿಸಿ, ಬಟ್ಟೆಯನ್ನು ಮರೆಮಾಡಿ, ಒಣ ಹತ್ತಿಯಿಂದ ಕಿಲುಬನ್ನಷ್ಟೇ ಒರೆಸಿ. ಪದಕಗಳಿಗೂ ಇದೇ ಮಾತು: ಹಲವು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು ಮತ್ತು ದಳವನ್ನು ಕೆತ್ತಿರುತ್ತಾರೆ, ಉಜ್ಜಾಟದಿಂದ ಅಳಿಸುವುದು ಅದೇ.

ತೂಗುಹಾಕುವ ಕ್ರಮಕ್ಕೆ ಬರೋಣ. ತಂತಿಯ ಹ್ಯಾಂಗರ್‌ನಲ್ಲಿ ಉಣ್ಣೆಯ ಕೋಟಿನ ಭಾರವೆಲ್ಲ ಹೆಗಲಿನ ಎರಡು ಬಿಂದುಗಳ ಮೇಲೆ ಬಿದ್ದು ಹೊಲಿಗೆ ಹರಿಯುತ್ತದೆ. ಅಗಲವಾದ ಹ್ಯಾಂಗರ್‌ಗೆ ಪಾಲಿಯೆಸ್ಟರ್ ಹತ್ತಿಯನ್ನು ದಪ್ಪವಾಗಿ ಸುತ್ತಿ, ಮೇಲೆ ಚೆನ್ನಾಗಿ ಒಗೆದು ಗಂಜಿ ತೆಗೆದ ಕೋರಾ ಬಟ್ಟೆಯ ಹೊದಿಕೆ ಹೊಲಿಯಿರಿ. ಬಟ್ಟೆಯಂಗಡಿಯ ಬೊಂಬೆಯನ್ನು ಬಳಸುವುದಾದರೆ ಅದು ಕೋಟಿಗಿಂತ ಸಣ್ಣದಾಗಿರಲಿ, ಉಳಿದ ಜಾಗಕ್ಕೆ ಹತ್ತಿ ತುಂಬಿ. ಬಲವಂತವಾಗಿ ಗುಂಡಿ ಹಾಕಿದರೆ ಎಂಬತ್ತು ವರ್ಷದ ನೂಲು ತಾಳುವುದಿಲ್ಲ. ಚೌಕಟ್ಟೇ ಬೇಕೆಂದರೆ ಬಟ್ಟೆ ಹೊದಿಸಿದ ಹಲಗೆಗೆ ಸಮವಸ್ತ್ರವನ್ನು ಸಡಿಲ ಹೊಲಿಗೆಗಳಿಂದ ನಿಲ್ಲಿಸಬೇಕು. ಅಂಟು, ಸ್ಟೇಪ್ಲರ್ ಪಿನ್, ಮೊಳೆ ಯಾವುದೂ ಕೂಡದು. ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆಗಳಿಂದ ಹೊರಬರುವ ಆಮ್ಲೀಯ ಆವಿ ಬಟ್ಟೆಗೂ ಲೋಹಕ್ಕೂ ಕೆಡುಕು ಎಂಬುದನ್ನು ಬಡಗಿಗೆ ಮೊದಲೇ ತಿಳಿಸಿ. ಪದಕಗಳ ಭಾರಕ್ಕೆ ಹಳೆಯ ಬಟ್ಟೆ ಹರಿಯುವಂತಿದ್ದರೆ ಅವನ್ನು ಪಕ್ಕದಲ್ಲಿ ಬೇರೆಯಾಗಿ ಇಡಬಹುದು. ಕೋಟಿನ ಮೇಲೆಯೇ ಇರಬೇಕೆಂದರೆ ತೊಟ್ಟವರ ಎಡ ಎದೆಯೇ ಅವುಗಳ ಸ್ಥಾನ.

ಗೋಡೆಯಿಂದ ಇಳಿದ ಸಮವಸ್ತ್ರವನ್ನು ಪೆಟ್ಟಿಗೆಯಲ್ಲಿ ಮಲಗಿಸಿಡಿ. ಮಡಿಕೆ ಬರುವಲ್ಲೆಲ್ಲ ಆಮ್ಲರಹಿತ ಕಾಗದದ ಸುರುಳಿಯನ್ನೋ ಮೆತ್ತನೆಯ ಮಲ್ ಬಟ್ಟೆಯ ಸುರುಳಿಯನ್ನೋ ಇಟ್ಟು, ವರ್ಷಕ್ಕೊಮ್ಮೆ ಮಡಿಕೆಯ ಜಾಗವನ್ನು ಬದಲಿಸಿ.

ಪ್ರದರ್ಶನದಲ್ಲಿ ಇಲ್ಲದ್ದನ್ನು ಸೇರಿಸಬಾರದು ಎಂಬ ಬಗ್ಗೆ ನಾನು ನಿಷ್ಠುರ. ಕಳೆದುಹೋದ ಗುಂಡಿಯ ಜಾಗಕ್ಕೆ ಪೇಟೆಯಿಂದ ತಂದ ಗುಂಡಿ ಹೊಲಿಯುವುದು, ಅವರು ಗಳಿಸದ ಪದಕದ ರಿಬ್ಬನ್ ಸೇರಿಸುವುದು, ಇವು ಅವರ ಸೇವೆಯ ದಾಖಲೆಯನ್ನೇ ಕೆಡಿಸುತ್ತವೆ. ಉದಾಹರಣೆಗೆ, 1950ರ ಜನವರಿ 26ರವರೆಗೆ ಭಾರತೀಯ ಸೇನೆಯ ಲಾಂಛನಗಳಲ್ಲಿ ಬ್ರಿಟಿಷ್ ಕಿರೀಟವಿತ್ತು, ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ತಾತ ಸ್ವಾತಂತ್ರ್ಯದ ನಂತರವೂ ಸೇನೆಯಲ್ಲಿದ್ದರೆ ಒಂದೇ ಕೋಟಿನಲ್ಲಿ ಎರಡೂ ಬಗೆಯ ಗುಂಡಿಗಳು ಸಿಗುವುದು ಅಸಂಭವವಲ್ಲ. ಅದನ್ನು ತಪ್ಪೆಂದು ಸರಿಪಡಿಸಲು ಹೋಗದೆ ಹಾಗೆಯೇ ಬಿಡಿ. ಪಕ್ಕದಲ್ಲಿ ಒಂದು ಸಣ್ಣ ಫಲಕ ಇರಲಿ: ಹೆಸರು, ಸೇನಾ ಸಂಖ್ಯೆ, ದಳ, ಸೇವೆಯ ವರ್ಷಗಳು, ಹೋದ ರಣರಂಗಗಳು. ಸೇವಾ ಪುಸ್ತಕ ಮತ್ತು ಪತ್ರಗಳ ಮೂಲಪ್ರತಿಯನ್ನು ಒಳಗಿಟ್ಟು ಗೋಡೆಗೆ ನಕಲು ಪ್ರತಿಯನ್ನು ಹಾಕಿ.

ಕಾನೂನಿನ ಬಗ್ಗೆ ಎರಡು ಮಾತು. ಮನೆಯಲ್ಲಿ ಸಮವಸ್ತ್ರವನ್ನು ಪ್ರದರ್ಶಿಸುವುದು ಅಪರಾಧವಲ್ಲ. ಸೈನಿಕನಲ್ಲದವನು ತಾನು ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಅದನ್ನು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಶಿಕ್ಷಾರ್ಹ. ಸಂಗ್ರಹದಲ್ಲಿ ಬಯೊನೆಟ್, ಕತ್ತಿ ಅಥವಾ ಗುಂಡುಗಳಿದ್ದರೆ ಅವನ್ನು ಪ್ರದರ್ಶನಕ್ಕಿಡುವ ಮೊದಲು ಠಾಣೆಯಲ್ಲಿ ವಿಚಾರಿಸಿ. ಇನ್ನು ಮುಂದೆ ಮೊದಲನೇ ಮಹಾಯುದ್ಧ ಕಾಲದ ಬಟ್ಟೆಯೇನಾದರೂ ನಿಮ್ಮ ಸಂಗ್ರಹಕ್ಕೆ ಸೇರಿದರೆ, ಅದಕ್ಕೆ ನೂರು ವರ್ಷ ತುಂಬಿರುವುದರಿಂದ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಅದನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬೇಡಿ.