ಬಣ್ಣಕ್ಕಿಂತ ಮೊದಲು ತಗಡು ನೋಡಿ: ಬಾಡಿ ಕೆಲಸಕ್ಕೆ ಯಾವ ಗ್ಯಾರೇಜನ್ನು ನಂಬಬಹುದು?

ಪ್ರಶ್ನೆ: ಮಂಗಳೂರಿನ ಪಂಪ್‌ವೆಲ್ ಬಳಿ ವಾಹನವೊಂದು ಒರೆಸಿಕೊಂಡು ಹೋಗಿ ನಮ್ಮ ಕಾರಿನ ಎಡಬದಿಯ ಹಿಂಬಾಗಿಲು ನಜ್ಜುಗುಜ್ಜಾಗಿದೆ. ಕಂಪನಿಯ ಸರ್ವಿಸ್ ಸೆಂಟರ್ ಹೇಳಿದ ಮೊತ್ತದ ಅರ್ಧಕ್ಕೇ ಹೊರಗಿನ ಗ್ಯಾರೇಜಿನವರು ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಯಾರನ್ನು ನಂಬುವುದು?

ಉತ್ತರ: ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮಾತ್ರಕ್ಕೆ ಇದು ತೀರ್ಮಾನವಾಗುವುದಿಲ್ಲ, ಏಕೆಂದರೆ ಅವೆರಡೂ ಒಂದೇ ಕೆಲಸದ ಬೆಲೆಯಾಗಿರುವುದು ಅಪರೂಪ. ಸರ್ವಿಸ್ ಸೆಂಟರಿನವರು ಬಹುಶಃ ಬಾಗಿಲನ್ನೇ ಬದಲಿಸುವ ಲೆಕ್ಕ ಹಾಕಿದ್ದಾರೆ. ಹೊರಗಿನವರು ಅದೇ ಬಾಗಿಲನ್ನು ತಟ್ಟಿ, ಎಳೆದು, ತಗ್ಗು ತುಂಬುವ ಪುಟ್ಟಿ ಹಚ್ಚಿ ಬಣ್ಣ ಹೊಡೆಯುವ ಲೆಕ್ಕ ಹೇಳಿದ್ದಾರೆ. ಎರಡೂ ಸರಿಯಿರಬಹುದು. ಹೊರಮೈಯ ತಗಡು ಮಾತ್ರ ಒಳಗೆ ಹೋಗಿದ್ದರೆ ತಗಡಿನ ಕೆಲಸದಲ್ಲಿ ಕೈಪಳಗಿದ ಟಿಂಕರ್ ಅದನ್ನು ಅಚ್ಚುಕಟ್ಟಾಗಿ ಮೊದಲಿನ ಆಕಾರಕ್ಕೆ ತರುತ್ತಾನೆ. ಆದರೆ ಬದಿಯಿಂದ ಬೀಳುವ ಪೆಟ್ಟನ್ನು ತಡೆಯಲೆಂದು ಬಾಗಿಲಿನೊಳಗೆ ಅಡ್ಡಲಾಗಿ ಕೂರಿಸಿರುವ ಉಕ್ಕಿನ ಪಟ್ಟಿಯೇ ಬಾಗಿದ್ದರೆ ಬಾಗಿಲು ಬದಲಿಸುವುದೇ ಲೇಸು. ಆದ್ದರಿಂದ ಇಬ್ಬರಿಂದಲೂ ಬರಹದಲ್ಲಿ ಎಸ್ಟಿಮೇಟ್ ಪಡೆಯಿರಿ: ಯಾವ ಭಾಗ ರಿಪೇರಿ, ಯಾವುದು ಹೊಸತು, ಹೊಸತಾದರೆ ಅದು ಕಾರು ಕಂಪನಿಯದೋ ಬೇರೆಯವರದೋ, ಬಣ್ಣ ಯಾವ ಕಂಪನಿಯದು, ಕೂಲಿ ಎಷ್ಟು. ಇಷ್ಟನ್ನು ಬರೆದುಕೊಡಲು ಹಿಂದೆಮುಂದೆ ನೋಡಿ, ಎಲ್ಲ ಸೇರಿಸಿ ಇಷ್ಟು ಕೊಡಿ ಸಾಕು ಎನ್ನುವವರಲ್ಲಿ ಮುಂದುವರಿಯಬೇಕಾಗಿಲ್ಲ.

ಗ್ಯಾರೇಜನ್ನು ಅಳೆಯುವ ನಿಜವಾದ ಜಾಗ ಇರುವುದು ಬಣ್ಣದ ಕೆಳಗೆ. ಕಾರ್ಖಾನೆಯಲ್ಲಿ ಕಾರಿನ ಇಡೀ ಒಡಲನ್ನು ತುಕ್ಕುನಿರೋಧಕ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ನೆರವಿನಿಂದ ಮೂಲೆಮೂಲೆಗೂ ಲೇಪ ಹಿಡಿಯುವಂತೆ ಮಾಡಿರುತ್ತಾರೆ. ತಗಡನ್ನು ತಟ್ಟಿ, ಉಜ್ಜಿ, ವೆಲ್ಡಿಂಗ್ ಮಾಡಿದ ಕಡೆ ಆ ರಕ್ಷಣೆ ಹೋಗುತ್ತದೆ. ಅದನ್ನು ಗ್ಯಾರೇಜಿನವರು ಕೈಯಾರೆ ಮತ್ತೆ ಕಟ್ಟಬೇಕು. ತುಕ್ಕು ಪೂರ್ತಿ ತೆಗೆದು, ತಗಡಿಗೆ ತೇವ ತಾಗದಂತೆ ತಡೆಯುವ ಎಪಾಕ್ಸಿ ಪ್ರೈಮರ್ ಕೊಟ್ಟು, ಬೇಕಾದಲ್ಲಿ ಮಾತ್ರ ತೆಳುವಾಗಿ ಪುಟ್ಟಿ ಎಳೆದು, ಮೇಲೆ ಮೈ ನಯಗೊಳಿಸುವ ಸರ್ಫೇಸರ್, ಬಣ್ಣ, ಕೊನೆಗೆ ಪಾರದರ್ಶಕ ಹೊಳಪಿನ ಕ್ಲಿಯರ್ ಕೋಟ್ ಹೊಡೆಯುವುದು ಸರಿಯಾದ ಕ್ರಮ. ಪುಟ್ಟಿ ತೇವ ಹೀರುವ ವಸ್ತು. ಅದನ್ನು ತುಕ್ಕಿನ ಮೇಲೆಯೇ ಮೆತ್ತಿದರೂ, ಮೆತ್ತಿದ ಮೇಲೆ ಪ್ರೈಮರಿಲ್ಲದೆ ಮಳೆಗಾಳಿಗೆ ಬಿಟ್ಟರೂ ಕೆಲಸ ಕೆಟ್ಟಂತೆಯೇ. ಒಣಹವೆಯ ಊರುಗಳಲ್ಲಿ ಇಂಥ ಕಳಪೆ ಕೆಲಸ ಕೆಲವು ವರ್ಷ ಮುಚ್ಚಿಹೋಗುತ್ತದೆ. ಸುರತ್ಕಲ್, ಪಡುಬಿದ್ರಿ, ಕಾಪು, ಮಲ್ಪೆಯ ಉಪ್ಪುಗಾಳಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೂ ಮುಚ್ಚುಮರೆಯಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು, ಒತ್ತಿದರೆ ಕಂದು ನೀರು ಒಸರುತ್ತದೆ.

ಹಾಗಾಗಿ ಕಾರು ಬಿಡುವ ಮೊದಲೇ ಒಂದು ಮಾತು ಕೇಳಿ: ‘ಟಿಂಕರಿಂಗ್ ಮುಗಿದು ಪುಟ್ಟಿ ಹಚ್ಚುವ ಮುನ್ನ ಒಮ್ಮೆ ಬಂದು ನೋಡಬಹುದೇ?’ ಬನ್ನಿ, ಬರಲಾಗದಿದ್ದರೆ ಫೋಟೋ ಕಳಿಸುತ್ತೇವೆ ಎನ್ನುವ ಗ್ಯಾರೇಜು, ನನ್ನ ಮಟ್ಟಿಗೆ, ಗೋಡೆಯ ಮೇಲೆ ಸಾಲುಸಾಲು ಪ್ರಮಾಣಪತ್ರ ತೂಗುಹಾಕಿದ ಗ್ಯಾರೇಜಿಗಿಂತ ಮೇಲು. ನೋಡಲು ಹೋದಾಗ ತಗಡಿನ ಏರುತಗ್ಗನ್ನು ಅಂಗೈಯಿಂದ ಸವರಿ ನೋಡಿ. ಪುಟ್ಟಿಯ ದಪ್ಪ ಸುಮಾರು 3 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಆಳದ ತಗ್ಗು ಉಳಿದಿದ್ದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ. ಬಣ್ಣವಾದ ಮೇಲೆ ಸಂಶಯ ಬಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲನೆ ಇಟ್ಟು ನೋಡಿ: ಪೆಟ್ಟಾಗದ ಬಾಗಿಲಿಗೆ ಹಿಡಿದಷ್ಟು ಬಿಗಿಯಾಗಿ ಇಲ್ಲಿ ಹಿಡಿಯದೆ ಜಾರಿದರೆ ಒಳಗೆ ಪುಟ್ಟಿಯ ಗೋಡೆಯೇ ಇದೆ. ಪ್ಲಾಸ್ಟಿಕ್ ಬಂಪರಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಕಡೆಯ ಗ್ಯಾರೇಜಿಗೆ ಹೋದಾಗ ನೆಲ ಹೊಳೆಯುತ್ತಿದೆಯೇ ಎಂಬುದಕ್ಕಿಂತ ಕಂಪ್ರೆಸರ್ ಎಲ್ಲಿದೆ ಎಂದು ನೋಡಿ. ನಮ್ಮ ಹವೆಯಲ್ಲಿ ಕಂಪ್ರೆಸರಿನ ತೊಟ್ಟಿಯಲ್ಲಿ ನೀರು ತುಂಬಿಕೊಳ್ಳುವುದು ಸಹಜ. ತಳದ ಕಾಕ್ ತಿರುಗಿಸಿದರೆ ಗಾಳಿಯ ಜೊತೆ ನೀರು ಚಿಮ್ಮುತ್ತದೆ. ಅದನ್ನು ದಿನವೂ ಬಸಿಯದಿದ್ದರೆ, ಪೈಪಿನಲ್ಲಿ ನೀರು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ, ಆ ತೇವವೆಲ್ಲ ಸ್ಪ್ರೇ ಗನ್ ಮೂಲಕ ನಿಮ್ಮ ಕಾರಿನ ಬಣ್ಣದೊಳಗೆ ಸೇರುತ್ತದೆ. ಬಿಸಿಗಾಳಿಯಲ್ಲಿ ಬಣ್ಣ ಒಣಗಿಸುವ ಮುಚ್ಚಿದ ಬೂತ್ ಇದ್ದರೆ ಜುಲೈನಲ್ಲೂ ಕೆಲಸ ಕೊಡಬಹುದು. ತಗಡಿನ ಚಪ್ಪರದಡಿ ಬಣ್ಣ ಹೊಡೆಯುವವರಲ್ಲೂ ಒಳ್ಳೆಯ ಕುಶಲಿಗಳಿದ್ದಾರೆ. ಆದರೆ ಅಂಥವರು ಮಳೆ ಹಿಡಿದ ದಿನ ‘ಈಗ ಪ್ರೈಮರ್ ಹೊಡೆದು ಬಿಡುತ್ತೇನೆ, ಬಿಸಿಲು ಬಂದ ಮೇಲೆ ಬಣ್ಣ’ ಎಂದು ತಾವಾಗಿಯೇ ಹೇಳಬೇಕು. ಆಯುಧಪೂಜೆಯ ಹಿಂದಿನ ವಾರ ಮಾತ್ರ ಕಾರು ಬಿಡಬೇಡಿ, ಆಗ ಊರಿನ ಗಾಡಿಗಳಿಗೆಲ್ಲ ಒಟ್ಟಿಗೇ ಮಿನುಗುವ ಆಸೆ.

ವಿಮೆಯ ವಿಚಾರಕ್ಕೆ ಬಂದರೆ, ವಿಮಾ ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿಗೇ ಹೋಗಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ಪಟ್ಟಿಯಲ್ಲಿದ್ದರೆ ಕ್ಯಾಶ್‌ಲೆಸ್, ಇಲ್ಲದಿದ್ದರೆ ನೀವು ಬಿಲ್ ಕಟ್ಟಿ ಆಮೇಲೆ ಹಣ ಪಡೆಯುತ್ತೀರಿ. ಎರಡರಲ್ಲೂ ಕಂಪನಿಗೆ ತಿಳಿಸಿ, ಅವರು ಕಳಿಸುವ ಸರ್ವೇಯರ್ ಹಾನಿಯ ಪರಿಶೀಲನೆ ಮುಗಿಸುವ ಮೊದಲು ಏನನ್ನೂ ಬಿಚ್ಚಿಸಬೇಡಿ. ಝೀರೋ ಡೆಪ್ರಿಸಿಯೇಷನ್, ಅಂದರೆ ಭಾಗಗಳ ಸವಕಳಿ ಕಳೆಯದಿರುವ ಸೌಲಭ್ಯ, ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇಕಡಾ 50 ಕಡಿತವಾಗುತ್ತದೆ, ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಡಿತ. ಕ್ಲೇಮ್ ಮಾಡಿದರೆ, ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ; ಸತತ 5 ವರ್ಷ ಕ್ಲೇಮ್ ಮಾಡದವರಿಗೆ ಅದು ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 50ರಷ್ಟಿರುವುದರಿಂದ, ಒಂದು ಬಾಗಿಲಿನ ಕೆಲಸಕ್ಕೆ ಕ್ಲೇಮ್ ಲಾಭವೇ ಎಂದು ಕೂಡಿಸಿ ಕಳೆದು ನೋಡಿ. ಈ ಲೆಕ್ಕವನ್ನು ನಿಮ್ಮೆದುರೇ ಮಾಡಿ ತೋರಿಸುವ ಗ್ಯಾರೇಜಿನವರೂ ಇದ್ದಾರೆ. ‘ಹಳೆಯ ಡೆಂಟನ್ನೂ ಇದರಲ್ಲೇ ಸೇರಿಸಿಬಿಡೋಣ, ಸರ್ವೇಯರನ್ನು ನಾವು ನೋಡಿಕೊಳ್ಳುತ್ತೇವೆ’ ಎನ್ನುವವರೂ ಇದ್ದಾರೆ. ಅಲ್ಲಿಂದ ಕೀಲಿ ವಾಪಸು ತೆಗೆದುಕೊಂಡು ಬನ್ನಿ, ಬಿಲ್ ತಿದ್ದುವ ಕೈ ನಿಮ್ಮ ಬಿಲ್ಲನ್ನೂ ತಿದ್ದುತ್ತದೆ.

ಕಾರನ್ನು ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಪ್ಪಿಸಿಕೊಳ್ಳಬೇಡಿ. ಹಗಲಿನಲ್ಲಿ, ತೊಳೆದು ಒರೆಸಿದ ಮೇಲೆ, ಓರೆಯಾಗಿ ನಿಂತು ಪಕ್ಕದ ಪ್ಯಾನೆಲಿನೊಡನೆ ಬಣ್ಣ ಹೋಲಿಸಿ. ಮೆಟಾಲಿಕ್ ಬಣ್ಣದ ವ್ಯತ್ಯಾಸ ನೇರ ನೋಟಕ್ಕೆ ಸಿಗದೆ ಓರೆನೋಟಕ್ಕೆ ಸಿಗುವುದುಂಟು. ಬಾಗಿಲಿನ ಸುತ್ತ ಸಂದು ಒಂದೇ ಅಗಲವಿರಬೇಕು. ಹೆಚ್ಚಿನವರು ಬಗ್ಗಿ ನೋಡದ ಜಾಗವೆಂದರೆ ಬಾಗಿಲಿನ ಕೆಳ ಅಂಚು: ಒಳಗೆ ಇಳಿದ ಮಳೆನೀರು ಹೊರಹೋಗಲು ಅಲ್ಲಿ ಸಣ್ಣ ತೂತುಗಳಿರುತ್ತವೆ, ಅವಸರದ ಕೆಲಸದಲ್ಲಿ ಪುಟ್ಟಿಯೋ ಸೀಲೆಂಟೋ ಅವನ್ನು ಮುಚ್ಚಿಬಿಡುತ್ತದೆ, ಆಮೇಲೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಮೆದುವಾದ ಕಡ್ಡಿಯೊಂದನ್ನು ತೂರಿಸಿ ನೋಡಿ, ಗಾಜಿನ ಮೇಲೆ ನೀರು ಬಿಟ್ಟು ಕೆಳಗೆ ಇಳಿಯುತ್ತದೆಯೇ ಎಂದೂ ಪರೀಕ್ಷಿಸಿ. ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲಿನಲ್ಲೇ ವಾರಂಟಿಯ ಅವಧಿ ಬರೆಸಿಕೊಳ್ಳಿ. ಮುಂದೆ ಗುಳ್ಳೆಯೆದ್ದು, ಗ್ಯಾರೇಜಿನವರು ಕೈಚೆಲ್ಲಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ; ಆ ದೂರಿಗೆ ಎಸ್ಟಿಮೇಟ್, ಬಿಲ್ ಮತ್ತು ಪುಟ್ಟಿಗೆ ಮುಂಚೆ ತೆಗೆದ ತಗಡಿನ ಫೋಟೋ ಲಗತ್ತಿಸಿ.