ಲಾರಿಯಲ್ಲಿ ಬರೋ ನೀರಿಗೂ ಕಲ್ಲಿದ್ದಲಿನ ರೇಟೇ

ಹರಿಹರ, ದಾವಣಗೆರೆ, ಹಿರಿಯೂರು ಕಡೆಯ ಬಾಯ್ಲರ್ ಮಾಲೀಕರು ನನ್ನ ವಾಟ್ಸಾಪಿಗೆ ಕಲ್ಲಿದ್ದಲಿನ ಟೆಸ್ಟ್ ರಿಪೋರ್ಟ್ ಕಳಿಸುತ್ತಲೇ ಇರುತ್ತಾರೆ. "ಸಾರ್, ವಾಷರಿ ಸ್ಲರಿ ಕೋಲ್, ಕ್ಯಾಲೊರಿ 4800, ರೇಟು ತುಂಬಾ ಕಡಿಮೆ, ಬುಕ್ ಮಾಡ್ಲಾ?" ಅಂತ. ಕ್ಯಾಲೊರಿ ಅಂದರೆ ಒಂದು ಕೆಜಿ ಸುಟ್ಟರೆ ಎಷ್ಟು ಕಿಲೋಕ್ಯಾಲೊರಿ ಶಾಖ ಬರುತ್ತದೆ ಅನ್ನೋ ಲೆಕ್ಕ. ರಿಪೋರ್ಟಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಏರ್ ಡ್ರೈಡ್ ಬೇಸಿಸ್’ (ಗಾಳಿಗೆ ಆರಿಸಿದ ಮಾಲಿನ ಲೆಕ್ಕ) ಅಂತ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಾನು ಓದಿ ಹೇಳಿದರೆ "ಅದು ಲ್ಯಾಬಿನವರ ಲೆಕ್ಕ ಬಿಡಿ ಸಾರ್" ಅಂತಾರೆ. ಬಿಡೋದು ಹೇಗೆ? ದುಡ್ಡು ಹೋಗೋದೇ ಅಲ್ಲಿ.

ಮೊದಲು ಈ ಮಾಲು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರು ಇದೆ, ತಾಮ್ರ ಇದೆ, ಕಲ್ಲಿದ್ದಲು ಮಾತ್ರ ಇಲ್ಲ. ಜಾರ್ಖಂಡಿನ ಧನಬಾದ್, ಬೊಕಾರೊ ಕಡೆಯ ವಾಷರಿಗಳಲ್ಲಿ ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲನ್ನು ತೊಳೆಯುತ್ತಾರೆ. ನೀರಿಗಿಂತ ಭಾರದ ದ್ರವಕ್ಕೆ ಹಾಕಿದರೆ ದಪ್ಪ ತುಂಡುಗಳಲ್ಲಿ ಕಲ್ಲು ಮುಳುಗುತ್ತದೆ, ಇದ್ದಲು ತೇಲುತ್ತದೆ, ಕೆಲಸ ಸಲೀಸು. ಅರ್ಧ ಮಿಲಿಮೀಟರಿಗಿಂತ ಸಣ್ಣ ಪುಡಿಗೆ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ. ಅದು ಜೇಡಿಯ ಜೊತೆ ಕಪ್ಪು ನೀರಾಗಿ ಹೊಂಡ ಸೇರುತ್ತದೆ, ಅದೇ ಸ್ಲರಿ. ಎಷ್ಟೋ ವರ್ಷ ದಾಮೋದರ ನದಿಗೂ ಸೇರಿದೆ. ಆ ಹೊಂಡಗಳಲ್ಲಿ ಒಳ್ಳೆ ಇದ್ದಲು ಇದೆ ಅನ್ನೋದು ನಿಜ. ಅದನ್ನು ವಾಪಸ್ ತೆಗೆಯಬೇಕು ಅನ್ನೋದು ನನ್ನ ವೃತ್ತಿ, ನನ್ನ ಆಸೆ ಕೂಡ.

ತೆಗೆಯುವ ಮುಖ್ಯ ದಾರಿ ನೊರೆ. ಕಪ್ಪು ನೀರಿಗೆ ಚೂರು ಡೀಸೆಲ್, ಜೊತೆಗೆ ನೊರೆ ಬರಿಸೋ ಎಣ್ಣೆ ಹಾಕಿ ಕೆಳಗಿಂದ ಗಾಳಿ ಬಿಡುತ್ತಾರೆ. ಇದ್ದಲಿನ ಕಣಕ್ಕೆ ನೀರು ಹಿಡಿಸುವುದಿಲ್ಲ, ಅದು ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಜೇಡಿ ನೀರಲ್ಲೇ ಉಳಿಯುತ್ತದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ಸಿಕ್ಕಂಥ ತಾಮ್ರದ ಅದಿರನ್ನು ಬೇರ್ಪಡಿಸೋದೂ ಇದೇ ನೊರೆಯ ವಿಧಾನದಲ್ಲಿ. ತೊಟ್ಟಿಯ ಅಂಚಿನ ಮೇಲೆ ಆ ದಪ್ಪ ಕಪ್ಪು ನೊರೆ ಮಿರಮಿರ ಅಂತ ಉಕ್ಕಿ ಬೀಳೋದನ್ನು ನೋಡಲು ನನಗೆ ಈಗಲೂ ಖುಷಿ. ಹಳೇ ಹೊಂಡದ ಮಾಲು ಗಾಳಿಗೆ ಸಿಕ್ಕು ಹಳತಾಗಿರುತ್ತದೆ, ಅದು ಅಷ್ಟು ಚೆನ್ನಾಗಿ ತೇಲೋದಿಲ್ಲ. ಆ ಕಥೆ ಇನ್ನೊಮ್ಮೆ.

ಜನ ಅಂದುಕೊಳ್ಳೋದು ಇದ್ದಲನ್ನು ಹಿಡಿಯೋದೇ ಕಷ್ಟ ಅಂತ. ಹಿಡಿದ ಇದ್ದಲಿನಿಂದ ನೀರು ತೆಗೆಯೋದು ಅದಕ್ಕಿಂತ ಕಷ್ಟ. ಒಂದು ಸೆಂಟಿಮೀಟರಿನ ಘನ ತುಂಡು ತಗೊಳ್ಳಿ, ಅದರ ಮೈ 6 ಚದರ ಸೆಂಟಿಮೀಟರ್. ಅದನ್ನೇ 0.1 ಮಿಲಿಮೀಟರಿನ ಘನಗಳಾಗಿ ಒಡೆದರೆ 10 ಲಕ್ಷ ಚೂರಾಗುತ್ತದೆ, ಒಟ್ಟು ಮೈ 600 ಚದರ ಸೆಂಟಿಮೀಟರ್. ನೀರು ಅಷ್ಟಾಗಿ ಹಿಡಿಸದ ಇದ್ದಲೇ ಆದರೂ ಅಷ್ಟೂ ಮೈಗೆ ನೀರು ಹತ್ತಿಕೊಂಡಿರುತ್ತದೆ, ಸಂದಿಗಳಲ್ಲೂ ಕೂತಿರುತ್ತದೆ. ಹಾಗಾಗಿ ನೀರನ್ನು ಹೀರಿ ತೆಗೆಯೋ ವ್ಯಾಕ್ಯೂಮ್ ಫಿಲ್ಟರಿಂದ ಬಿದ್ದ ಇದ್ದಲಿನ ಹೆಂಟೆಯಲ್ಲೂ (ಕೇಕ್) ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್ ನೀರು ಇರುತ್ತದೆ. ಒಂದು ಉಂಡೆ ಕೈಗೆ ತಗೊಂಡರೆ ಒಣಗಿದ ಹಾಗೇ ಕಾಣುತ್ತದೆ, ಬೆರಳಿಗೆ ಅಷ್ಟಾಗಿ ಅಂಟೋದೂ ಇಲ್ಲ. ಅಂಗೈಲಿಟ್ಟು ನಾಲ್ಕು ಸಲ ತಟ್ಟಿ ನೋಡಿ. ಮೇಲೆ ನೀರು ಪಸೆಯಾಗಿ ಹೊಳೆಯುತ್ತದೆ, ಉಂಡೆ ಮೆತ್ತಗಾಗಿ ಕುಸಿಯುತ್ತದೆ. ಲಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕುಲುಕಿದಾಗ ಆಗೋದೂ ಅದೇ.

ಈಗ ಲೆಕ್ಕಕ್ಕೆ ಬರೋಣ, ಪೆನ್ನು ಹಿಡ್ಕೊಳ್ಳಿ. ಲ್ಯಾಬಿನವರು ಮೊದಲು ಸ್ಯಾಂಪಲ್ಲನ್ನು ಗಾಳಿಗೆ ಆರಿಸಿ ಆಮೇಲೆ ಟೆಸ್ಟ್ ಮಾಡುತ್ತಾರೆ. ಅವರ ಹತ್ತಿರ ಇರೋ ಪುಡಿಯಲ್ಲಿ ನೀರು 4 ಪರ್ಸೆಂಟ್, ಕ್ಯಾಲೊರಿ 4800 ಅಂತಿಟ್ಟುಕೊಳ್ಳಿ. ನಿಮ್ಮ ಲಾರಿಯಲ್ಲಿ ನೀರು 24 ಪರ್ಸೆಂಟ್. ನೀರು ಕಳೆದರೆ ನೂರರಲ್ಲಿ ಉಳಿಯೋದು ಲ್ಯಾಬಿನಲ್ಲಿ 96, ಲಾರಿಯಲ್ಲಿ 76. 4800ನ್ನು 76ರಿಂದ ಗುಣಿಸಿ 96ರಿಂದ ಭಾಗಿಸಿ. 3800 ಬರುತ್ತದೆ. ಸರಕಾರಿ ದರ್ಜೆಯ ಪಟ್ಟಿ ಹಿಡಿದು ಸುಮ್ನೆ ಹೋಲಿಸಿದರೆ, ಜಿ9ರಿಂದ ಮೂರು ಮೆಟ್ಟಿಲು ಕೆಳಗಿನ ಜಿ12ಕ್ಕೆ ಇಳಿದ ಹಾಗೆ. ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಟನ್ನಿನಲ್ಲಿ 240 ಕೆಜಿ ನೀರು, ಅದನ್ನು ಬಾಯ್ಲರ್ ಒಳಗೆ ಆವಿ ಮಾಡಬೇಕಲ್ವಾ? ಕೆಜಿಗೆ ಹತ್ತಿರ ಹತ್ತಿರ 600 ಕಿಲೋಕ್ಯಾಲೊರಿ ಬೇಕು. ಅಂದರೆ ಪ್ರತಿ ಕೆಜಿ ಇದ್ದಲಿನಲ್ಲಿ ಇನ್ನೂ ಸುಮಾರು 144 ಕೈಬಿಟ್ಟಿತು. ಉಳಿದದ್ದು 3650ರ ಆಸುಪಾಸು. ನೀವು ದುಡ್ಡು ಕೊಟ್ಟದ್ದು 4800ಕ್ಕೆ.

ಬೂದಿಯ ವಿಷಯದಲ್ಲಿ ಇನ್ನೊಂದು ಮೋಸ ಹೋಗುತ್ತಾರೆ. ಗಾಳಿಗೆ ಆರಿಸಿದ ಲೆಕ್ಕದಲ್ಲಿ 28 ಪರ್ಸೆಂಟ್ ಬೂದಿ ಇದ್ದ ಮಾಲಿಗೆ ನೀರು ಸೇರಿಸಿ ನೋಡಿದರೆ 22 ಅಂತ ತೋರಿಸುತ್ತದೆ. ಬೂದಿ ಎಲ್ಲೂ ಹೋಗಿಲ್ಲ, ನೀರು ಜಾಸ್ತಿಯಾಗಿದೆ ಅಷ್ಟೇ. ಒಂದೇ ಕೊಟೇಶನ್ನಿನಲ್ಲಿ ಬೂದಿಯನ್ನು ಒದ್ದೆ ಲೆಕ್ಕದಲ್ಲಿ, ಕ್ಯಾಲೊರಿಯನ್ನು ಒಣ ಲೆಕ್ಕದಲ್ಲಿ ಬರೆದದ್ದನ್ನೂ ನೋಡಿದ್ದೇನೆ.

ನನಗೆ ಸಂಕಟ ಆಗೋದು ಏನಂದ್ರೆ, ಇದೇ ಜನ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವಾಗ ಮೀಟರ್ ಹಾಕದೆ ಚೀಲ ಮುಟ್ಟೋದಿಲ್ಲ. ತೇವ 14 ದಾಟಿದರೆ ರೈತನ ರೇಟು ಇಳಿಸುತ್ತಾರೆ. ಹೋದ ವರ್ಷ ಜೋಳದ ವ್ಯಾಪಾರದ ಮನೆತನದ ಹುಡುಗ ಒಬ್ಬ, ಬಾಯ್ಲರ್ ಹೊಸದಾಗಿ ಹಾಕಿದವನು, ಗೇಟಿನಿಂದ ಫೋನ್ ಮಾಡಿದ. ಲಾರಿಯ ಹಿಂಬಾಗಿಲಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಬಾಯ್ಲರಿಗೆ ಇದ್ದಲು ಇಳಿಸೋ ಬಂಕರಿನಲ್ಲಿ ಮಾಲು ಕಚ್ಚಿಕೊಂಡು ಇಳಿಯದೆ, ಇಬ್ಬರು ಕೂಲಿಯವರು ಸಲಾಕೆ ಹಿಡಿದು ಇಡೀ ದಿನ ಚುಚ್ಚುತ್ತಿದ್ದರು. ಒಳ್ಳೆ ಹುಡುಗ, ಅಪ್ಪನಿಗೆ ಹೇಳಲು ಹೆದರಿದ್ದ. ಅವನ ತಪ್ಪು ಅಂತ ನಾನು ಹೇಳಲಾರೆ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಂತ ಈ ಇದ್ದಲೇ ಬೇಡ ಅನ್ನುವುದಿಲ್ಲ. ಹೊಂಡದ ಹತ್ತಿರವೇ ಸುಡೋ ಕಾರ್ಖಾನೆಗೆ, ಸರಿಯಾದ ಬಾಯ್ಲರ್ ಇದ್ದರೆ, ಇದು ಲಾಭದ ಮಾಲು. 1500 ಕಿಲೋಮೀಟರಿಗೂ ದೂರದ ನಮ್ಮೂರಿಗೆ ತರಿಸುವಾಗ ಟನ್ನಿಗೆ ಕಾಲು ಭಾಗ ನೀರಿಗೆ ಬಾಡಿಗೆ ಕೊಡುತ್ತೀರಿ, ಅಷ್ಟೇ ನನ್ನ ತಕರಾರು. ಅಲ್ಲೇ ಒಣಗಿಸಿ ಕಳಿಸಿ ಅಂದರೆ ಒಣಗಿಸೋ ಖರ್ಚು ಬೇರೆ. ತೀರಾ ಒಣಗಿದ ಪುಡಿ ಧೂಳೆದ್ದು ಬೆಂಕಿ ಹಿಡಿಯೋ ಅಪಾಯವೂ ಇದೆ. ನನ್ನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮಾಲು, ನಿಮ್ಮ ಬಾಯ್ಲರ್ ನೋಡದೆ ಇದನ್ನೇ ಕೊನೆ ಮಾತು ಅಂದುಕೊಳ್ಳಬೇಡಿ.

ಬುಕ್ ಮಾಡೋದೇ ಆದರೆ ಆರ್ಡರಿನಲ್ಲಿ ‘ಆ್ಯಸ್ ರಿಸೀವ್ಡ್ ಬೇಸಿಸ್’ (ಬಂದ ಮಾಲಿನ, ನೀರೂ ಸೇರಿದ ಲೆಕ್ಕ) ಅಂತ ಬರೆಸಿ. ಟೋಟಲ್ ಮಾಯಿಶ್ಚರಿಗೆ, ಅಂದರೆ ಮಾಲಿನಲ್ಲಿರೋ ಒಟ್ಟು ನೀರಿಗೆ ಮಿತಿ ಹಾಕಿ, ಮೀರಿದರೆ ತೂಕ ಕಡಿತ ಅಂತಲೂ ಸೇರಿಸಿ. ಸ್ಯಾಂಪಲ್ ನಿಮ್ಮ ಗೇಟಿನಲ್ಲೇ ತೆಗೆಯಿರಿ, ಲಾರಿಯ ಮೇಲಿನ ಪದರದಿಂದ ಒಂದು ಮುಷ್ಟಿ ಸಾಲದು, ಹಲವು ಕಡೆಯಿಂದ, ಆಳದಿಂದಲೂ ತೆಗೆದು ಸೇರಿಸಿ. ಕೂಡಲೇ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ತೂಕ ಬರೆದಿಡಿ. ಬಿಸಿಲಲ್ಲಿ ಬೈಕಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ನನ್ನ ಹತ್ತಿರ ತರಬೇಡಿ, ಅರ್ಧ ನೀರು ದಾರಿಯಲ್ಲೇ ಆರಿರುತ್ತದೆ. ಮತ್ತೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬರೋ ಲಾರಿಗಳಿಗೆ ಟಾರ್ಪಾಲಿನ್ ಕಡ್ಡಾಯ ಅಂತ ಬೇರೆಯಾಗಿಯೇ ಬರೆಸಿ. ಅದನ್ನು ಬಾಯಿಮಾತಿಗೆ ಬಿಟ್ಟರೆ ಯಾರೂ ಹಾಕೋದಿಲ್ಲ.