ಕೊನೆಯ ಡೋಸ್ ಮುಗಿದ ಮೇಲೆ ಬರುವ ಭೇದಿ

ಇಮ್ಯುನೊಥೆರಪಿ (ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ) ಮುಗಿದು ಮೂರು ತಿಂಗಳಾದ ಮೇಲೆ ಲೂಸ್ ಮೋಶನ್ ಶುರುವಾದರೆ ಯಾರಾದರೂ ದೂರುವುದು ಹೊರಗಿನ ಊಟವನ್ನೇ. ಮೆಡಿಕಲ್ ಶಾಪಿನಿಂದ ಭೇದಿ ಕಟ್ಟುವ ಲೋಪರಮೈಡ್ ಮಾತ್ರೆ ಬರುತ್ತದೆ, ಎರಡು ದಿನ ಭೇದಿ ತಗ್ಗುತ್ತದೆ, ಒಳಗೆ ಕರುಳಿನ ಉರಿಯೂತ ಬೆಳೆಯುತ್ತಲೇ ಇರುತ್ತದೆ.

ಈ ಚಿಕಿತ್ಸೆಯಲ್ಲಿ ಕೊಡುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್, ಇಪಿಲಿಮುಮ್ಯಾಬ್ ಕೀಮೋ ಔಷಧಗಳಲ್ಲ. ಇವು ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣ) ಬ್ರೇಕ್ ಸಡಿಲಿಸುತ್ತವೆ. ಹಾಗೆ ಬಿಟ್ಟ ಕೋಶಗಳು ಕೆಲವರಲ್ಲಿ ದೊಡ್ಡ ಕರುಳಿನ ಒಳಪದರದ ಮೇಲೂ ಬೀಳುತ್ತವೆ. ಇಪಿಲಿಮುಮ್ಯಾಬ್‌ನಲ್ಲಿ ಇದು ಸಾಮಾನ್ಯವಾಗಿ 6-8 ವಾರದ ಹೊತ್ತಿಗೆ ಕಾಣುತ್ತದೆ. ಉಳಿದೆರಡರಲ್ಲಿ ತಡ. ನಿವೊಲುಮ್ಯಾಬ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 25 ದಿನ ಬೇಕು, ಟಿ-ಕೋಶಕ್ಕೆ ಅಂಟಿಕೊಂಡದ್ದು ಎರಡು ತಿಂಗಳು ದಾಟಿಯೂ ಉಳಿಯುತ್ತದೆ.

ಎಣಿಸಬೇಕಾದದ್ದು ನಿಮ್ಮ ಮಾಮೂಲಿಗಿಂತ ಎಷ್ಟು ಸಲ ಹೆಚ್ಚು ಎಂಬುದನ್ನು. ದಿನಕ್ಕೆ 4ರಿಂದ 6 ಸಲ ಹೆಚ್ಚಾದರೆ ಅಂದೇ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ. 7 ಮುಟ್ಟಿದರೆ ಅಡ್ಮಿಷನ್. ರಕ್ತ, ಜ್ವರ, ಹೊಟ್ಟೆ ಬಿಗಿತ ಇದ್ದರೆ ಲೆಕ್ಕ ಹಾಕುತ್ತ ಕೂರಬೇಡಿ, ಕರುಳು ತೂತಾಗುವ ಅಪಾಯವಿದೆ.

ಸ್ಟೀರಾಯ್ಡ್ ಮುಖ್ಯ ಮದ್ದು ನಿಜ, ಆದರೆ ಮಲ ಪರೀಕ್ಷೆಗೆ ಕಳಿಸದೆ ಶುರುಮಾಡುವುದು ನಮ್ಮಲ್ಲಿ ಸಲ್ಲದು: ಅಮೀಬಾ ಸೋಂಕಿದ್ದರೆ ಅದೇ ಸ್ಟೀರಾಯ್ಡ್ ಜೀವಕ್ಕೆ ಎರವಾದೀತು. ಕಲ್ಚರ್ (ಮಲದಲ್ಲಿ ರೋಗಾಣು ಬೆಳೆಸಿ ನೋಡುವುದು), ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಬ್ಯಾಕ್ಟೀರಿಯಾದ ಟಾಕ್ಸಿನ್, ಕರುಳಿನ ಉರಿಯೂತ ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗಳೂ ಜೊತೆಗಿರಲಿ. ರೋಗಿ ತೀರಾ ಬಳಲಿದ್ದರೆ ಸ್ಯಾಂಪಲ್ ತೆಗೆದುಕೊಂಡು, ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುವುದುಂಟು. ಸಿಗ್ಮಾಯ್ಡೊಸ್ಕೋಪಿಯಲ್ಲಿ (ದೊಡ್ಡ ಕರುಳಿನ ಕೊನೆಯ ಭಾಗವನ್ನು ಕ್ಯಾಮೆರಾ ನಳಿಕೆಯಿಂದ ನೋಡುವ ಪರೀಕ್ಷೆ) ಕರುಳು ನಯವಾಗಿ ಕಂಡರೂ ಬಯಾಪ್ಸಿ ಬಿಡಬಾರದು. ಕೆಲವರಲ್ಲಿ ಉರಿಯೂತ ಸಿಗುವುದು ಮೈಕ್ರೋಸ್ಕೋಪಿನಡಿ ಮಾತ್ರ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ ದಿನಕ್ಕೆ, ದೇಹತೂಕದ ಪ್ರತಿ ಕೆಜಿಗೆ 1 ಮಿಗ್ರಾಂ. ತೀವ್ರವಿದ್ದರೆ ಕೆಜಿಗೆ 2 ಮಿಗ್ರಾಂವರೆಗೆ, ಡ್ರಿಪ್ಪಿನಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್. 3-5 ದಿನದಲ್ಲಿ ಜಗ್ಗದಿದ್ದರೆ ಉರಿಯೂತ ತಗ್ಗಿಸುವ ಬೇರೆ ಬಗೆಯ ಔಷಧ, ಇನ್‌ಫ್ಲಿಕ್ಸಿಮ್ಯಾಬ್ ಕೆಜಿಗೆ 5 ಮಿಗ್ರಾಂ ಅಥವಾ ವೆಡೊಲಿಜುಮ್ಯಾಬ್ 300 ಮಿಗ್ರಾಂ. ಇನ್‌ಫ್ಲಿಕ್ಸಿಮ್ಯಾಬ್ ಅಡಗಿದ ಕ್ಷಯ, ಹೆಪಟೈಟಿಸ್ ಬಿ ಎರಡನ್ನೂ ಕೆದಕಬಲ್ಲದು. ಅವೆರಡರ ರಕ್ತಪರೀಕ್ಷೆಗಳನ್ನು ಮೊದಲ ದಿನವೇ ಕಳಿಸಿಬಿಡಬೇಕು, ಸ್ಟೀರಾಯ್ಡ್ ಏರಿದ ಮೇಲೆ ಕ್ಷಯದ ಪರೀಕ್ಷೆ ಅಸ್ಪಷ್ಟವಾಗಿ ಬರುವುದುಂಟು.

ಇನ್ನು ಎಡವುವುದು ಸ್ಟೀರಾಯ್ಡ್ ಇಳಿಸುವಾಗ. ಭೇದಿ ನಿಂತಿತೆಂದು ವಾರದಲ್ಲೇ ಬಿಟ್ಟರೆ ಅದು ಮರಳುತ್ತದೆ. 4-6 ವಾರ ಹಿಡಿದು ಮೆಲ್ಲನೆ ಇಳಿಸಬೇಕು. ಅಷ್ಟರಲ್ಲಿ ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಊರಿನ ಡಾಕ್ಟರ ಬಳಿ ಹೋದರೆ ‘ಕೀಮೋ ಆಗಿತ್ತು’ ಎನ್ನದೆ ಔಷಧದ ಹೆಸರು, ಕೊನೆಯ ಡೋಸಿನ ತಾರೀಖು ಬರೆದ ಚೀಟಿ ತೋರಿಸಿ.